ಇಂಗ್ಲಿಷ್ ಕ್ರಿಯಾಪದವನ್ನು ವಿಂಗಡಿಸಿದವರು

ರಾಬರ್ಟ್ ಲೌತ್ ಎಂಬ ಪಾದ್ರಿ 1762ರಲ್ಲಿ ಇಂಗ್ಲಿಷ್ ಭಾಷೆಗೆ ಒಂದು ಚಿಕ್ಕ ವ್ಯಾಕರಣ ಬರೆದು ಪ್ರಕಟಿಸಿದ. ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕನಾಗಿ, ಹೀಬ್ರೂ ಕಾವ್ಯದ ಮೇಲೆ ಮಾಡಿದ ಉಪನ್ಯಾಸಗಳಿಂದ ಹೆಸರು ಗಳಿಸಿದ್ದವನು ಅವನು. ಮುಂದೆ ಲಂಡನ್ನಿನ ಬಿಷಪ್ಪನೂ ಆದ. ಆ ಪುಸ್ತಕದಲ್ಲಿ ಒಂದು ಲೆಕ್ಕ ಬರುತ್ತದೆ: ಇಂಗ್ಲಿಷಿನ ಕ್ರಿಯಾಪದಗಳು ಒಟ್ಟು ಸುಮಾರು 4300, ಅವುಗಳಲ್ಲಿ ನಿಯಮಕ್ಕೆ ಸಿಕ್ಕದವು ಸುಮಾರು 177. ನಮ್ಮ ಹೈಸ್ಕೂಲು ಮಕ್ಕಳು ‘ಗೋ, ವೆಂಟ್, ಗಾನ್’ ಎಂದು ರಾಗ ಎಳೆದು ಬಾಯಿಪಾಠ ಮಾಡುವ ಪಟ್ಟಿ ಆ 177ರ ವಂಶದ್ದೇ. ಪಟ್ಟಿಯಲ್ಲಿ ತಪ್ಪಿಲ್ಲ. ಕೇಳಬೇಕಾದದ್ದು ಬೇರೆ ಇದೆ. ಕ್ರಿಯಾಪದಗಳನ್ನು ನಿಯಮಿತ, ಅನಿಯಮಿತ, ಸಕರ್ಮಕ, ಅಕರ್ಮಕ ಎಂದು ಬೇರ್ಪಡಿಸಿದವರು ಯಾರ ಅನುಕೂಲಕ್ಕಾಗಿ ಹಾಗೆ ಮಾಡಿದರು? ಇಂಗ್ಲಿಷ್ ಬಾರದವರು ಇಂಗ್ಲಿಷ್ ಕಲಿಯಲಿ ಎಂದಂತೂ ಅಲ್ಲ. ಇಂಗ್ಲಿಷ್ ಆಗಲೇ ಬರುತ್ತಿದ್ದ ಹುಡುಗರಿಗೆ ಲ್ಯಾಟಿನ್ ಕಲಿಸುವ ಶಾಲೆಗಳಲ್ಲಿ ಹುಟ್ಟಿದ ವಿಂಗಡಣೆ ಅದು. ಹೊಸದಾಗಿ ಕಲಿಯುವವನ ಕಷ್ಟ ನೋಡಿ ಕ್ರಿಯಾಪದಗಳನ್ನು ವಿಂಗಡಿಸುವ ಕೆಲಸ ನಡೆದದ್ದು ಬಹಳ ತಡವಾಗಿ, ಅದೂ ಇಂಗ್ಲೆಂಡಿನಿಂದ ಬಹುದೂರದಲ್ಲಿ. ನಮ್ಮ ವ್ಯಾಕರಣ ಪುಸ್ತಕಗಳು ಮೊದಲಿನದಕ್ಕೆ ಮುಂದಿನ ಸಾಲಿನಲ್ಲಿ ಜಾಗ ಕೊಟ್ಟು ಎರಡನೆಯದನ್ನು ಹಿಂದಕ್ಕೆ ದೂಡಿವೆ. ಈ ಕ್ರಮ ತಿರುಗುಮುರುಗಾಗಬೇಕು ಎಂಬುದು ನನ್ನ ವಾದ.

ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ‘ಗ್ರಾಮರ್’ ಎಂದರೆ ಲ್ಯಾಟಿನ್ ವ್ಯಾಕರಣ, ‘ಗ್ರಾಮರ್ ಸ್ಕೂಲ್’ ಎಂದರೆ ಲ್ಯಾಟಿನ್ ಕಲಿಸುವ ಶಾಲೆ. ವಿಲಿಯಂ ಲಿಲಿಯ ಹೆಸರಿನ ಲ್ಯಾಟಿನ್ ವ್ಯಾಕರಣಕ್ಕೆ ಎಂಟನೆಯ ಹೆನ್ರಿಯ ಕಾಲದಲ್ಲಿ ರಾಜಮುದ್ರೆಯೇ ಬಿತ್ತು. ದೇಶದ ಶಾಲೆಗಳೆಲ್ಲ ಅದನ್ನೇ ಕಲಿಸಬೇಕಾಯಿತು. ಆ ಪುಸ್ತಕದ ಹಿಂದೆ ನಾಲ್ಕನೆಯ ಶತಮಾನದ ರೋಮಿನ ಡೊನಾಟಸ್, ಕ್ರಿ.ಶ. 500ರ ಆಸುಪಾಸಿನಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪಾಠ ಹೇಳುತ್ತಿದ್ದ ಪ್ರಿಸಿಯನ್ ನಿಂತಿದ್ದರು. ವಿಲಿಯಂ ಬುಲ್ಲೋಕರ್ 1586ರಲ್ಲಿ ಇಂಗ್ಲಿಷಿನ ಮೊದಲ ವ್ಯಾಕರಣ ಅಚ್ಚು ಹಾಕಿಸಿದಾಗ ಅವನ ಕಣ್ಣೆದುರಿಗೆ ಇದ್ದ ಚೌಕಟ್ಟು ಲಿಲಿಯದೇ. ಇಂಗ್ಲಿಷಿಗೂ ನಿಯಮಗಳಿವೆ, ಅದೂ ಮರ್ಯಾದಸ್ಥ ಭಾಷೆಯೇ ಎಂದು ತೋರಿಸುವುದು ಅವನ ಉದ್ದೇಶ. ಮರ್ಯಾದೆಯ ಅಳತೆಗೋಲು ಲ್ಯಾಟಿನ್ ಆದ್ದರಿಂದ ಲ್ಯಾಟಿನ್ನಿನಲ್ಲಿ ಇದ್ದುದೆಲ್ಲ ಇಂಗ್ಲಿಷಿನಲ್ಲೂ ಸಿಗಲೇಬೇಕಾಯಿತು. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಸಂಸ್ಕೃತದ ಚೌಕಟ್ಟನ್ನು ಎದುರಿಗಿಟ್ಟುಕೊಂಡು ‘ಶಬ್ದಮಣಿದರ್ಪಣ’ ಬರೆದದ್ದನ್ನು ಬಲ್ಲ ಕನ್ನಡಿಗರಿಗೆ ಇದು ಹೊಸ ಕಥೆಯೇನಲ್ಲ.

ಹೀಗೆ ಹುಡುಕಿದ್ದರಿಂದ ಆದದ್ದೇನು ಎಂಬುದನ್ನು ಕಾಲಗಳ ವಿಷಯದಲ್ಲಿ ಸ್ಪಷ್ಟವಾಗಿ ನೋಡಬಹುದು. ಲ್ಯಾಟಿನ್ ಕ್ರಿಯಾಪದಕ್ಕೆ ಆರು ಕಾಲ. ಒಂದೊಂದಕ್ಕೂ ಪ್ರತ್ಯೇಕ ಪ್ರತ್ಯಯ. ಇಂಗ್ಲಿಷಿನಲ್ಲಿ ಕ್ರಿಯಾಪದದ ರೂಪವೇ ಬದಲಾಗಿ ಕಾಲ ಸೂಚಿಸುವುದು ಎರಡೇ ಕಡೆ: ‘ವಾಕ್’, ‘ವಾಕ್ಡ್’. ಉಳಿದದ್ದನ್ನೆಲ್ಲ ‘ವಿಲ್’, ‘ಹ್ಯಾವ್’ ಮುಂತಾದವನ್ನು ಮುಂದೆ ಸೇರಿಸಿ ಹೇಳಬೇಕು. ಇದನ್ನು ನೇರವಾಗಿ ಹೇಳಿದವನು ಜಾನ್ ವ್ಯಾಲಿಸ್. ಆಕ್ಸ್‌ಫರ್ಡಿನಲ್ಲಿ ಜ್ಯಾಮಿತಿಯ ಪ್ರಾಧ್ಯಾಪಕ. ಅನಂತಕ್ಕೆ ನಾವು ಬಳಸುವ, ಮಲಗಿದ ಎಂಟರಂತಿರುವ ಚಿಹ್ನೆ ಅವನದೇ. 1653ರ ಅವನ ಇಂಗ್ಲಿಷ್ ವ್ಯಾಕರಣ ಇರುವುದು ಲ್ಯಾಟಿನ್ ಭಾಷೆಯಲ್ಲಿ, ಆದರೆ ಇಂಗ್ಲಿಷನ್ನು ಲ್ಯಾಟಿನ್ನಿನ ಅಚ್ಚಿನಲ್ಲಿ ಹೊಯ್ಯುವುದನ್ನು ಅದು ಒಪ್ಪುವುದಿಲ್ಲ. ಲ್ಯಾಟಿನ್ನಿನಲ್ಲಿ ಏಕೆ ಬರೆದ ಎಂದರೆ, ಅವನ ಓದುಗರು ಇಂಗ್ಲಿಷ್ ಕಲಿಯಬಯಸುವ ಪರದೇಶದವರು. ನನ್ನ ವಾದಕ್ಕೆ ಇದು ಮುಖ್ಯವಾದ ಸಾಕ್ಷಿ. ಇಂಗ್ಲಿಷ್ ಬಾರದವನನ್ನು ಎದುರಿಗೆ ಕೂರಿಸಿಕೊಂಡು ಬರೆಯುವವನಿಗೆ ಚೌಕಟ್ಟಿನ ಗೌರವಕ್ಕಿಂತ ಭಾಷೆ ನಡೆಯುವ ಬಗೆ ಮೊದಲು ಕಾಣುತ್ತದೆ. ನೂರು ವರ್ಷಗಳ ನಂತರ, 1761ರಲ್ಲಿ, ಜೋಸೆಫ್ ಪ್ರೀಸ್ಟ್ಲಿಯೂ ಇದೇ ಮಾತು ಹೇಳಿದ: ಕ್ರಿಯಾಪದದ ರೂಪದಲ್ಲೇ ಇಲ್ಲದ ಭವಿಷ್ಯತ್ ಕಾಲವನ್ನು ಇಂಗ್ಲಿಷಿಗೆ ಹೊರಿಸುವುದು ಸಲ್ಲದು. ಮುಂದೆ ಆಮ್ಲಜನಕದ ಶೋಧದಿಂದ ಹೆಸರಾದ ಪ್ರೀಸ್ಟ್ಲಿ ಇವನೇ. ಗಣಿತದವನೊಬ್ಬ, ರಸಾಯನದವನೊಬ್ಬ ಕಂಡದ್ದನ್ನು ವ್ಯಾಕರಣದ ಮೇಷ್ಟ್ರುಗಳು ಕಾಣದೆ ಹೋದದ್ದು ಸ್ವಲ್ಪ ತಮಾಷೆಯೇ.

ಗೆದ್ದದ್ದು ಇವರಿಬ್ಬರೂ ಅಲ್ಲ, ಪ್ರೀಸ್ಟ್ಲಿಯ ಮರುವರ್ಷ ಬಂದ ಲೌತ್. ಅವನಿಗಿಂತಲೂ ಹೆಚ್ಚಾಗಿ, ಅವನಿಂದ ಧಾರಾಳವಾಗಿ ಎತ್ತಿಕೊಂಡ ಲಿಂಡ್ಲಿ ಮರ್ರೆ. ಅಮೆರಿಕದಲ್ಲಿ ವಕೀಲನಾಗಿದ್ದು ಇಂಗ್ಲೆಂಡಿನ ಯಾರ್ಕ್ ಊರಿಗೆ ಬಂದು ನೆಲೆಸಿದ, ಕ್ವೇಕರ್ ಪಂಥದವನು ಇವನು. 1795ರ ಅವನ ವ್ಯಾಕರಣ ಹುಟ್ಟಿದ್ದು ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದಕ್ಕಾಗಿ. ಆ ಕಾಲದ ಹುಡುಗಿಯರು ಲ್ಯಾಟಿನ್ ಓದುವುದು ತೀರಾ ಅಪರೂಪ. ಆದರೂ ಅವರ ಪುಸ್ತಕದಲ್ಲಿ ಇಂಗ್ಲಿಷಿಗೆ ಲ್ಯಾಟಿನ್ನಿನಂತೆಯೇ ಆರು ಕಾಲ, ಐದು ಅರ್ಥ (‘ಮೂಡ್’). ಕ್ರಿಯಾಪದಗಳಲ್ಲಿ ಮೂರು ಜಾತಿ: ಮಾಡುವುದು, ಮಾಡಿಸಿಕೊಳ್ಳುವುದು, ಎರಡೂ ಅಲ್ಲದ್ದು. ಮೂಲ ಉದ್ದೇಶ ಮರೆಯಾಗಿ ವಿಂಗಡಣೆ ಮಾತ್ರ ಉಳಿದದ್ದು ಇಲ್ಲಿಯೇ. ಆ ಪುಸ್ತಕ ಲಕ್ಷಗಟ್ಟಲೆ ಪ್ರತಿಗಳಲ್ಲಿ ಅಟ್ಲಾಂಟಿಕ್ಕಿನ ಎರಡೂ ದಡಗಳಲ್ಲಿ ಮಾರಾಟವಾಯಿತು, ಇಂಗ್ಲಿಷರ ಹಡಗು ಹೋದಲ್ಲೆಲ್ಲ ಹೋಯಿತು.

‘ಅನಿಯಮಿತ’ ಎಂಬ ಜಾತಿಯ ಬಣ್ಣ ಬಯಲಾದದ್ದು ಜರ್ಮನಿಯಲ್ಲಿ. ಕಿನ್ನರಿ ಕಥೆಗಳ ಯಾಕೋಬ್ ಗ್ರಿಮ್ 1819ರಿಂದ ಪ್ರಕಟಿಸಿದ ಜರ್ಮನ್ ವ್ಯಾಕರಣ, ಒಳಗಿನ ಸ್ವರ ಬದಲಿಸಿ ಭೂತಕಾಲ ಮಾಡುವ ಕ್ರಿಯಾಪದಗಳನ್ನು ‘ಪ್ರಬಲ’ ಎಂದೂ ಕೊನೆಗೆ ಪ್ರತ್ಯಯ ಹಚ್ಚುವವುಗಳನ್ನು ‘ದುರ್ಬಲ’ ಎಂದೂ ಕರೆಯಿತು. ಹಳೆಯ ಇಂಗ್ಲಿಷಿನಲ್ಲಿ ಈ ಪ್ರಬಲ ಕ್ರಿಯಾಪದಗಳು ಏಳು ಗಣಗಳಾಗಿ ಶಿಸ್ತಿನಿಂದಲೇ ನಡೆಯುತ್ತಿದ್ದವು. ‘ಸಿಂಗ್, ಸ್ಯಾಂಗ್, ಸಂಗ್’, ‘ಡ್ರಿಂಕ್, ಡ್ರ್ಯಾಂಕ್, ಡ್ರಂಕ್’ ಇವೆರಡೂ ಒಂದೇ ಗಣದವು. ಹಾಗಾದರೆ ಪಟ್ಟಿಯಲ್ಲಿರುವ ಬಹುಪಾಲು ಪದಗಳು ನಿಯಮ ಮುರಿದವಲ್ಲ, ಹಳೆಯ ನಿಯಮವೊಂದನ್ನು ಬಿಡದೆ ಹಿಡಿದವು. 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಹಳೆಯ ಇಂಗ್ಲಿಷಿನ ಇಂಥ 177 ಕ್ರಿಯಾಪದಗಳ ಜಾಡು ಹಿಡಿಯಿತು. (ಲೌತನ 177ಕ್ಕೂ ಇದಕ್ಕೂ ಸಂಬಂಧವಿಲ್ಲ, ಬರೀ ಕಾಕತಾಳೀಯ.) ಮಧ್ಯಕಾಲದ ಇಂಗ್ಲಿಷಿಗೆ ಬರುವಾಗ ಅವುಗಳಲ್ಲಿ 145, ಈಗ 98 ಮಾತ್ರ ಹಾಗೆಯೇ ಉಳಿದಿವೆ, ಬಳಕೆ ಕಡಿಮೆಯಾದಷ್ಟೂ ಬೇಗ ಸಾಮಾನ್ಯ ನಿಯಮಕ್ಕೆ ಬಂದಿವೆ. ‘ಹೆಲ್ಪ್’ಗೆ ಒಂದು ಕಾಲದಲ್ಲಿ ‘ಹೋಲ್ಪ್’ ಎಂಬ ಭೂತರೂಪವಿತ್ತು. ಎದುರು ದಿಕ್ಕಿನಲ್ಲಿ ಹೋದವೂ ಇವೆ: ಫ್ರೆಂಚಿನಿಂದ ಬಂದ ‘ಕ್ಯಾಚ್’ ಇಲ್ಲಿಗೆ ಬಂದು ‘ಕಾಟ್’ ಆಯಿತು. ‘ಹಿ ಕ್ಯಾನ್ಸ್’ ಎಂದು ಏಕೆ ಹೇಳಬಾರದು ಎಂಬ ಮಕ್ಕಳ ಪ್ರಶ್ನೆಗೂ ಉತ್ತರ ಇದೇ ಇತಿಹಾಸದಲ್ಲಿದೆ. ‘ಕ್ಯಾನ್’, ‘ಮೇ’, ‘ಶಲ್’ ಇವು ಬಹಳ ಹಿಂದೆ ಭೂತಕಾಲದ ರೂಪಗಳಾಗಿದ್ದು ವರ್ತಮಾನದ ಅರ್ಥ ಪಡೆದವು. ಭೂತರೂಪಕ್ಕೆ ‘ಎಸ್’ ಎಲ್ಲಿಂದ ಬರಬೇಕು?

ನಮ್ಮ ನಾಡಿಗೆ ಬಂದದ್ದು ಮರ್ರೆಯ ಪರಂಪರೆಯೇ. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಇಲ್ಲಿನ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದ್ದ ಜೆ.ಸಿ. ನೆಸ್‌ಫೀಲ್ಡ್ ಭಾರತದ ವಿದ್ಯಾರ್ಥಿಗಳಿಗಾಗಿ ವ್ಯಾಕರಣ ಮಾಲೆ ಬರೆದ. 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಬಂತು; ಆ ರೆನ್ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿಯಿಂದ ಪ್ರಸಿದ್ಧನಾದ, ಮುಂಬಯಿಯ ಶಿಕ್ಷಣ ಇಲಾಖೆಯಲ್ಲಿದ್ದವನು. ಇವೆರಡನ್ನೂ ಹಗುರಾಗಿ ಕಾಣುವಂತಿಲ್ಲ. ಸಕರ್ಮಕ, ಅಕರ್ಮಕಗಳ ಜೊತೆಗೆ ‘ಬಿಕಮ್’, ‘ಸೀಮ್’ ಥರದವು ತಾವಾಗಿಯೇ ವಾಕ್ಯ ಮುಗಿಸಲಾರವು, ಹಿಂದೊಂದು ಪೂರಕ ಬೇಕು ಎಂದು ಅವು ಗುರುತಿಸಿದವು. ಒಂದೇ ಕ್ರಿಯಾಪದ ಎರಡೂ ಬಗೆಯಲ್ಲಿ ಬರಬಹುದೆಂದೂ ಹೇಳಿದವು. ಆದರೆ ಕನ್ನಡದ ಹುಡುಗ ಎಡವುವ ಜಾಗ ಅದಕ್ಕಿಂತ ಆಚೆ ಇದೆ. ‘ಟೆಲ್’ ಸಕರ್ಮಕ, ‘ಎಕ್ಸ್‌ಪ್ಲೇನ್’ ಕೂಡ ಸಕರ್ಮಕ; ಎರಡನ್ನೂ ಸರಿಯಾಗಿ ಗುರುತಿಸಿ ಪೂರ್ತಿ ಅಂಕ ಪಡೆದವನೇ ‘ಟೆಲ್ ಮಿ ದಿಸ್’ ಇದ್ದ ಹಾಗೆ ‘ಎಕ್ಸ್‌ಪ್ಲೇನ್ ಮಿ ದಿಸ್’ ಎಂದು ಬರೆಯುತ್ತಾನೆ. ನನಗೆ ಹೇಳು, ನನಗೆ ವಿವರಿಸು ಎಂದು ಕನ್ನಡದಲ್ಲಿ ಎರಡಕ್ಕೂ ಒಂದೇ ವಿಭಕ್ತಿ, ಅವನ ತಪ್ಪೇನು? ‘ಡಿಸ್ಕಸ್’ ಸಕರ್ಮಕ ಎಂದು ಗೊತ್ತಿದ್ದೂ ‘ಡಿಸ್ಕಸ್ ಅಬೌಟ್’ ಎನ್ನುವವರು ನಮ್ಮ ಸಭೆಗಳಲ್ಲಿ ತುಂಬಿದ್ದಾರೆ. ‘ವಾಂಟ್ ಟು ರೀಡ್’ ಸರಿ, ‘ಎಂಜಾಯ್ ಟು ರೀಡ್’ ತಪ್ಪು. ಎರಡೂ ಒಂದೇ ಜಾತಿ ಎನ್ನುವ ಪುಸ್ತಕ ಇದನ್ನು ಬಿಡಿಸಿ ಹೇಳಲಾರದು. ಓಡು, ಓಡಿಸು; ನಡೆ, ನಡೆಸು ಎಂದು ಕನ್ನಡ ಪ್ರತ್ಯಯದಿಂದಲೇ ಬೇರೆ ಮಾಡುವಲ್ಲಿ ಇಂಗ್ಲಿಷ್ ‘ರನ್’ ಒಂದನ್ನೇ ಇಟ್ಟುಕೊಂಡು, ಅದರ ಹಿಂದೆ ಏನು ಬಂತು ಎಂಬುದರಿಂದ ಅರ್ಥ ತಿಳಿಸುತ್ತದೆ. ಪದವನ್ನು ಒಂಟಿಯಾಗಿ ನಿಲ್ಲಿಸಿ ಜಾತಿ ಕೇಳಿದರೆ ಉತ್ತರ ಸಿಗುವುದಿಲ್ಲ.

ಈ ಕೊರತೆಯನ್ನು ತುಂಬಿದ್ದು ಜಪಾನು. ಹೆರಾಲ್ಡ್ ಪಾಮರ್ 1923ರಲ್ಲಿ ಟೋಕಿಯೋದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನಾ ಸಂಸ್ಥೆ ಕಟ್ಟಿದ. ಮರುವರ್ಷ ಜಪಾನಿಗೆ ಮೇಷ್ಟ್ರಾಗಿ ಬಂದ ಎ.ಎಸ್. ಹಾರ್ನ್‌ಬಿ ಮುಂದೆ ಅವನ ಜೊತೆ ಸೇರಿಕೊಂಡ. ಜಪಾನೀ ವಿದ್ಯಾರ್ಥಿ ಪದದ ಅರ್ಥ ಬಲ್ಲ, ಜಾತಿಯನ್ನೂ ಬಲ್ಲ, ವಾಕ್ಯ ಮಾತ್ರ ಕಟ್ಟಲಾರ. ಅವರಿಬ್ಬರ ಎದುರಿಗಿದ್ದ ತೊಡಕು ಇದು. ಕ್ರಿಯಾಪದದ ಹಿಂದೆ ಏನೇನು ಬರಬಹುದು ಎಂಬುದನ್ನೇ ಆಧಾರವಾಗಿ ಹಿಡಿದು ಅವರು ಮಾದರಿಗಳನ್ನು ಮಾಡಿದರು. ಹಾರ್ನ್‌ಬಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಸಿದ್ಧಪಡಿಸಿದ ನಿಘಂಟಿನಲ್ಲಿ ಅಂಥ 25 ಮಾದರಿಗಳಿದ್ದವು. ಪ್ರತಿ ಕ್ರಿಯಾಪದದ ಪಕ್ಕದಲ್ಲೂ ಅದು ಯಾವ ಮಾದರಿಗೆ ಒಗ್ಗುತ್ತದೆ ಎಂಬ ಅಂಕಿಯ ಗುರುತು. ಆ ನಿಘಂಟು ಟೋಕಿಯೋದಲ್ಲಿ ಅಚ್ಚಾದದ್ದು 1942ರಲ್ಲಿ, ಜಪಾನೂ ಬ್ರಿಟನ್ನೂ ಯುದ್ಧದಲ್ಲಿದ್ದಾಗ. ಆಕ್ಸ್‌ಫರ್ಡ್ ಮುದ್ರಣಾಲಯ ಅದನ್ನು 1948ರಲ್ಲಿ ಮರುಮುದ್ರಿಸಿತು. ನಮ್ಮ ಕಾಲೇಜು ಹುಡುಗರು ‘ಅಡ್ವಾನ್ಸ್‌ಡ್ ಲರ್ನರ್ಸ್’ ಎಂದು ಕೊಳ್ಳುವ ದಪ್ಪ ನಿಘಂಟಿನ ಮೂಲ ಅದು.

ಇಪ್ಪತ್ತೈದು ಮಾದರಿಗಳನ್ನು ನೆನಪಿಡುವುದು ಎರಡು ಜಾತಿಗಳನ್ನು ನೆನಪಿಡುವುದಕ್ಕಿಂತ ಕಷ್ಟವಲ್ಲವೇ ಎಂದು ಕೇಳಬಹುದು. ಹೌದು, ಕಷ್ಟ. ಹಾರ್ನ್‌ಬಿಯ ಅಂಕಿಗಳನ್ನು ಬಾಯಿಪಾಠ ಮಾಡಿಸಿದರೆ ‘ಗೋ, ವೆಂಟ್, ಗಾನ್’ ಪಟ್ಟಿಗಿಂತ ಕೆಟ್ಟದ್ದಾದೀತು. ಆ ನಿಘಂಟಿನ ಮುಂದಿನ ಆವೃತ್ತಿಗಳೇ ಅಂಕಿಗಳನ್ನು ಕೈಬಿಟ್ಟು ಸುಲಭದ ಗುರುತುಗಳಿಗೆ ಬಂದವು. ಮಾದರಿಯ ಸಂಖ್ಯೆ ಬೇಕಿಲ್ಲ, ‘ಎಕ್ಸ್‌ಪ್ಲೇನ್ ಇಟ್ ಟು ಮಿ’ ಎಂಬ ಇಡೀ ತುಂಡು ಬೇಕು. ಲ್ಯಾಟಿನ್ನಿನಿಂದ ಬಂದದ್ದೆಲ್ಲ ನಿರರ್ಥಕವೇ ಎಂದರೆ ಅದೂ ಅಲ್ಲ. ಕರ್ಮವಿಲ್ಲದ ಕ್ರಿಯಾಪದಕ್ಕೆ ಕರ್ಮಣಿ ಪ್ರಯೋಗವಿಲ್ಲ ಎಂಬ ಮಾತು ಇಂಗ್ಲಿಷಿನಲ್ಲಿ ನಿಜವಾಗಿ ಕೆಲಸ ಮಾಡುತ್ತದೆ. ಕನ್ನಡದಲ್ಲಿ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ಪಾಠದ ಹೊರಗೆ ಯಾರೂ ಆಡುವುದಿಲ್ಲ. ಇಂಗ್ಲಿಷಿನಲ್ಲಿ ಅಂಥ ವಾಕ್ಯ ದಿನಪತ್ರಿಕೆಯ ಪ್ರತಿ ಪುಟದಲ್ಲೂ ಇರುವುದರಿಂದ ಸಕರ್ಮಕವನ್ನು ಗುರುತಿಸಲು ಬಾರದವನಿಗೆ ಅಲ್ಲಿ ತೊಂದರೆಯೇ. ಹಳೆಯ ವಿಂಗಡಣೆಯನ್ನು ಎಸೆಯಬೇಕೆಂದು ನಾನು ಹೇಳುತ್ತಿಲ್ಲ. ಅದು ಮಾದರಿಯ ಪಾಠದೊಳಗೆ, ಬೇಕಾದ ಕಡೆ ಬರಲಿ.

ಇನ್ನೂ ಗಟ್ಟಿಯಾದ ಆಕ್ಷೇಪ ಹುಟ್ಟಿದ್ದು ಬೆಂಗಳೂರಿನಲ್ಲೇ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಭಾಷಾಬೋಧನೆಯ ಜಗತ್ತಿನಲ್ಲಿ ಹೆಸರಾಗಿದೆ. ರೈಲಿನ ವೇಳಾಪಟ್ಟಿ ಓದಿ ಲೆಕ್ಕ ಹಾಕುವುದು, ನಕ್ಷೆ ನೋಡಿ ದಾರಿ ಹೇಳುವುದು ಇಂಥ ಕೆಲಸ ಕೊಟ್ಟರೆ, ಮನಸ್ಸು ಅರ್ಥದ ಮೇಲಿರುವಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಿಲುವು. ಹಾಗಾದರೆ ಮಾದರಿಯೂ ಬೇಡ, ಜಾತಿಯೂ ಬೇಡ. ಪ್ರಯೋಗವನ್ನು ಹೊರಗಿನಿಂದ ಪರೀಕ್ಷಿಸಿದವರ ವರದಿಯೂ ಅವರಿಗೆ ತಕ್ಕಮಟ್ಟಿನ ಬೆಂಬಲ ಕೊಟ್ಟಿತು. ಈ ವಾದದಲ್ಲಿ ನನಗೆ ಒಪ್ಪಿಗೆಯಾಗುವ ಅಂಶ ದೊಡ್ಡದಿದೆ: ಜಾತಿ ಹೇಳಲು ಬಂದರೆ ಭಾಷೆ ಬಂದಂತಲ್ಲ. ಆದರೆ ಪ್ರಭು ಅವರ ದಾರಿಗೆ ತರಗತಿಯಲ್ಲಿ ನಿರರ್ಗಳವಾಗಿ ಇಂಗ್ಲಿಷ್ ಆಡುವ ಶಿಕ್ಷಕ ಬೇಕು, ವರ್ಷಗಟ್ಟಲೆ ಆ ಭಾಷೆ ಕಿವಿಗೆ ಬೀಳುತ್ತಿರಬೇಕು. ಹಳ್ಳಿಯ ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಸಿಗುವುದು ದಿನಕ್ಕೆ ಒಂದು ಪೀರಿಯಡ್ಡು, ಬಹುಪಾಲು ಪುಸ್ತಕದಿಂದ. ‘ಎಂಜಾಯ್’ ಪದವನ್ನು ಸಾವಿರ ಸಲ ಕೇಳುವ ಅವಕಾಶ ಇಲ್ಲದವನಿಗೆ ಅದರ ಹಿಂದೆ ಏನು ಬರುತ್ತದೆ ಎಂದು ಒಮ್ಮೆ ತೋರಿಸುವುದು ಉಪಕಾರವೇ.

ರೆನ್ ಮತ್ತು ಮಾರ್ಟಿನ್ ಪುಸ್ತಕದ ಪರಿಷ್ಕೃತ ಆವೃತ್ತಿಯಲ್ಲಿ ಕ್ರಿಯಾಪದದ ಮಾದರಿಗಳಿಗೆ ಒಂದು ಅಧ್ಯಾಯವಿದೆ. ಅದು ಬರುವುದು ಜಾತಿಗಳ ಪಾಠವೆಲ್ಲ ಮುಗಿದು ಎಷ್ಟೋ ಪುಟಗಳಾದ ಮೇಲೆ. ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳು, ಮೇಡಮ್ಮುಗಳು ಆ ಅಧ್ಯಾಯವನ್ನು ಮೊದಲು ತೆಗೆಯಲಿ. ಪ್ರಶ್ನೆಪತ್ರಿಕೆ ತಯಾರಿಸುವವರು ‘ಗೆರೆ ಎಳೆದ ಕ್ರಿಯಾಪದದ ವಿಧ ತಿಳಿಸಿ’ ಎನ್ನುವ ಒಂದು ಅಂಕವನ್ನು ಆ ಕ್ರಿಯಾಪದ ಬಳಸಿ ವಾಕ್ಯ ಬರೆಯುವುದಕ್ಕೆ ಕೊಡಲಿ.