ಜಾಲಾರಿಯ ಹೆಸರುಗಳು

ಅರಗಿನ ಮನೆಯ ಕಥೆಯನ್ನು ಪಂಪನೂ ಕುಮಾರವ್ಯಾಸನೂ ಕನ್ನಡಿಗರಿಗೆ ಹೇಳಿದ್ದಾರೆ. ನಾನು ಪಾಠ ಹೇಳಿದ ಅಷ್ಟು ವರ್ಷಗಳಲ್ಲಿ, ಆ ಅರಗು ಎಲ್ಲಿಂದ ಬರುತ್ತದೆಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಅದು ಮರದ ಅಂಟಲ್ಲ. ಎಳೆಗೊಂಬೆಗಳ ರಸ ಹೀರುವ ಸಣ್ಣ ಹುಳುಗಳು ತಮ್ಮ ಮೈಸುತ್ತ ಸುರಿಸಿಕೊಳ್ಳುವ ರಾಳ. ಮೈಸೂರು ಸೀಮೆಯಲ್ಲಿ ಆ ಹುಳುವಿಗೆ ಆಶ್ರಯವಿತ್ತ ಮರಗಳಲ್ಲಿ ಜಾಲಾರಿ ಮುಖ್ಯವಾದುದು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಅರಗಿನ ಹುಳುಗಳನ್ನು ಅಭ್ಯಸಿಸಿದ ಮೆಹದಿ ಹಸನ್ ಅವರು 1923ರಲ್ಲಿ ಇಲ್ಲಿಯ ಹುಳುವಿಗೆ ಮೈಸೂರಿನ ಹೆಸರನ್ನೇ ಇಟ್ಟರು. ಎಲೆಕ್ಟ್ರಾನಿಕ್ ಸಿಟಿ, ಜಿಗಣಿಗಳಿಗೆ ಹತ್ತಿರದ ಬನ್ನೇರುಘಟ್ಟದ ಕಾಡಿನಲ್ಲಿ ಜಾಲಾರಿ ಇಂದಿಗೂ ಇದೆ.

ಹುಳುವಿಗೆ ಹೆಸರು ಸುಲಭವಾಗಿ ಸಿಕ್ಕಿತು. ಮರದ ನಾಮಕರಣ ಮಾತ್ರ ಇನ್ನೂರು ವರ್ಷದ ವ್ಯಾಜ್ಯ. ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥರಾಗಿದ್ದ ವಿಲಿಯಂ ರಾಕ್ಸ್‌ಬರ್ಗ್, ಗವರ್ನರ್ ಜನರಲ್ ಜಾನ್ ಶೋರ್ ಅವರ ನೆನಪಿಗೆ ‘ಶೋರಿಯಾ’ ಎಂಬ ಕುಲನಾಮವನ್ನು ಕಲ್ಪಿಸಿದರು. ಜಾಲಾರಿಗೆ ಅವರು ಕೊಟ್ಟದ್ದು ‘ಶೋರಿಯಾ ತಲೂರ’. ಆದರೆ 1815ರಲ್ಲಿ ಅವರು ತೀರಿಕೊಂಡರು. ಆ ಹೆಸರು ಅಚ್ಚಾದದ್ದು 1832ರಲ್ಲಿ. ಅದಕ್ಕೆ ಒಂದೇ ವರ್ಷ ಮುಂಚೆ ಜಾರ್ಜ್ ಡಾನ್ ಎಂಬುವರು ಇದೇ ಮರವನ್ನು ‘ಶೋರಿಯಾ ರಾಕ್ಸ್‌ಬರ್ಗಿ’ ಎಂದು ಪ್ರಕಟಿಸಿದ್ದರು. ಸಸ್ಯಶಾಸ್ತ್ರದಲ್ಲಿ ಮೊದಲು ಅಚ್ಚಾದ ಹೆಸರಿಗೇ ಹಕ್ಕು. ಹೀಗೆ ರಾಕ್ಸ್‌ಬರ್ಗ್ ಇಟ್ಟ ಹೆಸರು ಹೋಯಿತು, ರಾಕ್ಸ್‌ಬರ್ಗ್ ಹೆಸರು ಉಳಿಯಿತು! 1834ರಲ್ಲಿ ವೈಟ್ ಮತ್ತು ಆರ್ನಟ್ ‘ಅರಗು ಹೊರುವುದು’ ಎಂಬರ್ಥದ ಲ್ಯಾಟಿನ್ ಹೆಸರೊಂದನ್ನು ಕೊಟ್ಟರು. ನನಗೆ ಅದೇ ಹೆಚ್ಚು ಇಷ್ಟ. ನಿಯಮಕ್ಕೆ ನನ್ನ ಇಷ್ಟ ಬೇಕಿಲ್ಲ. 2022ರಲ್ಲಿ ಆಷ್ಟನ್ ಮತ್ತು ಹೆಕ್ಕೆನ್‌ಹಾವರ್ ಶೋರಿಯಾ ಕುಲವನ್ನೇ ಒಡೆದು ಜಾಲಾರಿಯನ್ನು ‘ಆಂಥೋಶೋರಿಯಾ’ ಕುಲಕ್ಕೆ ಸೇರಿಸಿದರು.

ಇದರ ಮನೆತನ ದೊಡ್ಡದು. ‘ಡಿಪ್ಟೆರೋಕಾರ್ಪೇಸೀ’ ಎಂದರೆ ಎರಡು ರೆಕ್ಕೆಯ ಕಾಯಿಯ ವಂಶ. (ಜಾಲಾರಿಯ ಕಾಯಿಗೆ ರೆಕ್ಕೆ ಐದು, ಮೂರು ಉದ್ದ, ಎರಡು ಗಿಡ್ಡ.) ಬೋರ್ನಿಯೋದ ಮಳೆಕಾಡಿನಲ್ಲಿ ನೂರು ಮೀಟರು ಮೀರಿ ನಿಂತ ಮರ ಈ ವಂಶದ್ದೇ. ಗುಜರಾತಿನ ವಸ್ತಾನ್ ಗಣಿಯಲ್ಲಿ ದೊರೆತ, ಸುಮಾರು ಐದು ಕೋಟಿ ವರ್ಷ ಹಳೆಯ ಶಿಲಾರಾಳವೂ ಇದೇ ವಂಶದ ಮರಗಳದೆಂದು 2010ರಲ್ಲಿ ವಿಜ್ಞಾನಿಗಳು ತೋರಿಸಿದರು. ಮಳೆಕಾಡಿನ ಆ ಬಳಗದಲ್ಲಿ ಒಣನಾಡಿಗೆ ಒಗ್ಗಿಕೊಂಡದ್ದು ನಮ್ಮ ಜಾಲಾರಿ. ಬರ್ಮಾ, ಥಾಯ್ಲೆಂಡ್, ವಿಯೆಟ್ನಾಂಗಳಲ್ಲೂ ಅದು ಬೆಳೆಯುತ್ತದೆ. ಥಾಯ್ ಜನ ಅದನ್ನು ‘ಫಯೋಮ್’ ಎನ್ನುತ್ತಾರೆ. ಅದರ ಕಂಪಿನ ಹೂವನ್ನು ಅಡುಗೆಗೂ ಬಳಸುತ್ತಾರೆ.

ಇಷ್ಟು ದೂರ ಹಬ್ಬಿಯೂ ಅದು ಜಾಗತಿಕ ಕೆಂಪು ಪಟ್ಟಿಗೆ ಸೇರಿದೆ. ಮರದ ಆಸೆಗೆ ಕಡಿದದ್ದು, ಕಾಡು ಕರಗಿದ್ದು ಕಾರಣ. ಬನ್ನೇರುಘಟ್ಟ 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಆರಂಭವಾಯಿತು. ಉದ್ಯಾನದ ಸುತ್ತಣ ಸೂಕ್ಷ್ಮವಲಯ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರು. 2020ರ ಅಂತಿಮ ಅಧಿಸೂಚನೆಯಲ್ಲಿ 168.84. ಆ ನೂರು ಚದರ ಕಿಲೋಮೀಟರು ಹೋದದ್ದು ಗಣಿಗೂ ಬಡಾವಣೆಗೂ ದಾರಿ ತೆರೆದಂತೆ ಎಂದು ಆಕ್ಷೇಪಿಸಿದವರ ಮಾತು ನನಗೆ ಸರಿಯೆನಿಸುತ್ತದೆ. ಏಕೆಂದರೆ ಜಾಲಾರಿಯ ಬೀಜ ನೆಲದಲ್ಲಿ ಕಾದು ಕೂರುವ ಜಾತಿಯದಲ್ಲ. ರೆಕ್ಕೆಯಿದ್ದರೂ ಬಹುಪಾಲು ತಾಯಿಮರದ ಆಸುಪಾಸಿನಲ್ಲೇ ಬೀಳುತ್ತದೆ. ಬಿದ್ದ ಕೆಲವೇ ದಿನಗಳಲ್ಲಿ ತೇವ ಸಿಕ್ಕಿದರೆ ಮೊಳೆಯುತ್ತದೆ, ಇಲ್ಲವಾದರೆ ಒಣಗಿ ಸತ್ತುಹೋಗುತ್ತದೆ.