ಎಲ್ಲೆಗಲ್ಲಿನ ಆಚೆ

ಹೋದ ತಿಂಗಳು ಬಿ.ಎ. ತರಗತಿಯಲ್ಲಿ ದಾನಶಾಸನವೊಂದನ್ನು ಪಾಠ ಹೇಳುತ್ತಿದ್ದೆ. ಶಾಸನಗಳ ಪರಿಚಯವುಳ್ಳವರಿಗೆ ಅವುಗಳ ಧಾಟಿ ಗೊತ್ತು. ಕೊಟ್ಟವನ ಹೆಸರು, ಪಡೆದವನ ಹೆಸರು, ಆಮೇಲೆ ಭೂಮಿಯ ಚತುಸ್ಸೀಮೆ: ಮೂಡಲು ಹುಟ್ಟುಬಂಡೆ, ತೆಂಕಲು ಕೆರೆಯ ಕೋಡಿ, ಪಡುವಲು ಹುಣಿಸೆಯ ಮರ, ಬಡಗಲು ನಟ್ಟ ಕಲ್ಲು. ಕೊನೆಗೆ, ಚಂದ್ರಸೂರ್ಯರು ಇರುವವರೆಗೆ ಈ ದಾನ ನಡೆಯಲಿ ಎಂಬ ಮಾತು. ಎಲ್ಲೆಗಳ ವಿವರಕ್ಕೆ ಬಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಊರಿಗೆ ಎಲ್ಲೆ ಇದೆ, ನಾಡಿಗೆ ಎಲ್ಲೆ ಇದೆ. ಭೂಮಿಯನ್ನು ಬಿಟ್ಟು ನೆಟ್ಟಗೆ ಹೋಗುತ್ತಲೇ ಇದ್ದರೆ ಎಲ್ಲೆಗಲ್ಲು ಎಲ್ಲಿ ಸಿಗುತ್ತದೆ?"

ತರಗತಿ ನಕ್ಕಿತು. "ಅದನ್ನು ಭೌತಶಾಸ್ತ್ರದ ಮೇಷ್ಟರನ್ನು ಕೇಳಬೇಕಮ್ಮ" ಎಂದು ನಾನೂ ನಕ್ಕು ಪಾಠ ಮುಂದುವರಿಸಿದೆ. ಗಂಟೆ ಹೊಡೆದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಮೇಷ್ಟರು ನಕ್ಕು ತಪ್ಪಿಸಿಕೊಂಡ ಪ್ರಶ್ನೆಯನ್ನು ಹುಡುಗರು ಮರೆಯುವುದಿಲ್ಲ. ಆ ದಿನ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಪ್ರಶ್ನೆಯೇನೂ ಹೊಸದಲ್ಲ. ಕ್ರಿ. ಪೂ. 4ನೆಯ ಶತಮಾನದಲ್ಲಿ ಪ್ಲೇಟೋವಿನ ಸ್ನೇಹಿತನಾಗಿದ್ದ ಆರ್ಕಿಟಸ್ ಎಂಬ ಗ್ರೀಕ್ ಪಂಡಿತ ಇದನ್ನೇ ಕೇಳಿದ್ದ. ಆಕಾಶದ ಕಟ್ಟಕಡೆಯ ಅಂಚಿನಲ್ಲಿ ನಿಂತು ಕೋಲನ್ನು ಆಚೆಗೆ ಚಾಚಬಹುದೋ ಇಲ್ಲವೋ ಎಂಬುದು ಅವನ ವಾದ. ಚಾಚಲು ಬಂದರೆ ಆಚೆಗೂ ಸ್ಥಳವಿದೆ. ಬಾರದಿದ್ದರೆ ತಡೆಯುವ ವಸ್ತುವೊಂದು ಅಲ್ಲಿದೆ. ಹೇಗಾದರೂ ಅದು ಕೊನೆಯಲ್ಲ! ಅರಿಸ್ಟಾಟಲ್ ಇದನ್ನು ಒಪ್ಪಲಿಲ್ಲ. ನಕ್ಷತ್ರಗಳನ್ನು ಹೊತ್ತ ಗೋಳವೇ ಕೊನೆ, ಅದರಾಚೆ ಸ್ಥಳವೂ ಇಲ್ಲ, ಶೂನ್ಯವೂ ಇಲ್ಲ, ಕಾಲವೂ ಇಲ್ಲ ಎಂದ. ಅವನು ನಟ್ಟ ಆ ಎಲ್ಲೆಗಲ್ಲು ಯೂರೋಪಿನಲ್ಲಿ ಸುಮಾರು ಎರಡು ಸಾವಿರ ವರ್ಷ ಅಲುಗಲಿಲ್ಲ.

ನಮ್ಮ ಜ್ಯೋತಿಷಿಗಳು ಆಕಾಶದ ಸುತ್ತಳತೆಯನ್ನೇ ಲೆಕ್ಕ ಹಾಕಿದರು. 1150ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ಬರೆದ ಭಾಸ್ಕರಾಚಾರ್ಯನು ಕೊಡುವ ಯೋಜನಗಳ ಸಂಖ್ಯೆಯಲ್ಲಿ ಹದಿನೇಳು ಅಂಕಿಗಳುಂಟು. ಆದರೆ ಅದನ್ನು ಹೇಳಿದ ಮೇಲೆ ಅವನು ಆಡುವ ಮಾತು ಸಂಖ್ಯೆಗಿಂತಲೂ ದೊಡ್ಡದು. ಬ್ರಹ್ಮಾಂಡದ ಅಳತೆ ಇದೇ ಆಗಿರಲಿ, ಆಗದಿರಲಿ; ಒಂದು ಕಲ್ಪದಲ್ಲಿ ಗ್ರಹ ನಡೆಯುವ ದಾರಿ ಇಷ್ಟು ಎಂಬುದೇ ತನ್ನ ಅಭಿಪ್ರಾಯ ಎನ್ನುತ್ತಾನೆ. ಲೆಕ್ಕಕ್ಕೆ ಸಿಕ್ಕಿದ್ದು ಯಾವುದು, ಸಿಕ್ಕದೆ ಉಳಿದದ್ದು ಯಾವುದು ಎಂಬ ವಿವೇಕ ಅದು. ಅದೇ ಶತಮಾನದಲ್ಲಿ ಕನ್ನಡದ ವಚನಕಾರರು ‘ಬಯಲು’ ಎಂಬ ಮಾತಿಗೆ ಹೊಸ ಅರ್ಥವನ್ನು ತುಂಬುತ್ತಿದ್ದರು. ಅಲ್ಲಮನ ಬಯಲು ಖಗೋಳದ ಬಯಲಲ್ಲ, ನಿಜ. ಆದರೂ ಅಂಚಿಲ್ಲದ್ದನ್ನು ಹೆಸರಿಸಲು ನಮ್ಮ ಭಾಷೆಯಲ್ಲಿ ಅಂದೇ ಒಂದು ಮಾತು ಸಿದ್ಧವಾಗಿತ್ತು ಎಂಬುದು ಮೇಷ್ಟರಿಗೆ ಸಂತೋಷದ ಸಂಗತಿ.

ಗೋಡೆ ಬಿದ್ದದ್ದು ಅಳತೆಯಿಂದ. 1543ರಲ್ಲಿ ಕೊಪರ್ನಿಕಸನ ಗ್ರಂಥ ಅಚ್ಚಾಯಿತು. ಭೂಮಿಯೇ ಸೂರ್ಯನನ್ನು ಸುತ್ತುವುದಾದರೆ, ಆರು ತಿಂಗಳಿಗೊಮ್ಮೆ ನಾವು ಬೇರೊಂದು ಕಡೆಯಿಂದ ನಕ್ಷತ್ರಗಳನ್ನು ನೋಡುತ್ತೇವೆ. ಅವು ಕೊಂಚವಾದರೂ ಸರಿದಂತೆ ಕಾಣಬೇಕು. ಹೆಬ್ಬೆರಳನ್ನು ಮುಂದೆ ಹಿಡಿದು ಒಂದೊಂದೇ ಕಣ್ಣಿನಿಂದ ನೋಡಿದರೆ ಬೆರಳು ಸರಿಯುವುದಿಲ್ಲವೆ, ಹಾಗೆ. ಆದರೆ ನಕ್ಷತ್ರಗಳು ಸರಿದದ್ದು ಯಾರಿಗೂ ಕಾಣಲಿಲ್ಲ. 1838ರಲ್ಲಿ ಜರ್ಮನಿಯ ಬೆಸೆಲ್ ಹಂಸ ನಕ್ಷತ್ರಪುಂಜದ ಒಂದು ಮಂಕು ನಕ್ಷತ್ರದಲ್ಲಿ ಆ ಸರಿತವನ್ನು ಅಳೆದ: ಡಿಗ್ರಿಯ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು! ಬೆಳಕು ಒಂದು ವರ್ಷಕ್ಕೆ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್ ಓಡುತ್ತದೆ. ಅಂಥ ಬೆಳಕಿಗೂ ಆ ನಕ್ಷತ್ರದಿಂದ ಇಲ್ಲಿಗೆ ಬರಲು ಹನ್ನೊಂದು ವರ್ಷಕ್ಕೂ ಹೆಚ್ಚು ಬೇಕು.

ಮುಂದಿನ ಎಲ್ಲೆಗಲ್ಲು ನಮ್ಮ ಆಕಾಶಗಂಗೆ. ವಿಶ್ವವೆಂದರೆ ಇದೊಂದೆಯೋ, ಇಂಥ ನಕ್ಷತ್ರದ್ವೀಪಗಳು ಇನ್ನೂ ಉಂಟೋ ಎಂದು 1920ರಲ್ಲಿ ವಾಷಿಂಗ್‌ಟನ್ನಿನಲ್ಲಿ ಶ್ಯಾಪ್ಲಿ ಮತ್ತು ಕರ್ಟಿಸ್ ಎಂಬ ವಿದ್ವಾಂಸರು ಎದುರುಬದುರಾದರು. ಶ್ಯಾಪ್ಲಿಯದು ‘ಒಂದೇ’ ಎಂಬ ಪಕ್ಷ. ಮೂರು ವರ್ಷಗಳ ಮೇಲೆ ಮೌಂಟ್ ವಿಲ್ಸನ್ನಿನ ನೂರು ಅಂಗುಲದ ದೂರದರ್ಶಕದಿಂದ ಹಬಲ್ ಎಂಬಾತ ಆಂಡ್ರೊಮಿಡದಲ್ಲಿ ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ಗುರುತಿಸಿ, ಅದು ಆಕಾಶಗಂಗೆಯಿಂದ ಬಹುದೂರ ಆಚೆಗಿದೆ ಎಂದು ಲೆಕ್ಕದಿಂದ ತೋರಿಸಿದ. ಆ ಸುದ್ದಿಯ ಕಾಗದ ಕೈಗೆ ಬಂದಾಗ, ತನ್ನ ವಿಶ್ವವನ್ನು ಹಾಳುಮಾಡಿದ ಪತ್ರ ಇದು ಎಂದನಂತೆ ಶ್ಯಾಪ್ಲಿ. ಜೀವಮಾನದ ನಂಬಿಕೆ ಒಂದು ಕಾಗದದಿಂದ ಮುರಿದರೂ ಸತ್ಯವನ್ನು ಒಪ್ಪಿಕೊಂಡನಲ್ಲ, ಅದು ವಿದ್ವತ್ತಿನ ಮರ್ಯಾದೆ.

ಇಂದು ಈ ಎಲ್ಲೆ ಎಲ್ಲಿದೆ? ವಿಶ್ವಕ್ಕೆ ಸುಮಾರು 1,380 ಕೋಟಿ ವರ್ಷ ವಯಸ್ಸು. ಅಷ್ಟು ಕಾಲದಲ್ಲಿ ನಮ್ಮನ್ನು ಬಂದು ಮುಟ್ಟಿದ ಬೆಳಕಿನಿಂದ ನಾವು ಕಾಣಬಲ್ಲ ವಿಶ್ವ, ನಡುವಿನ ಸ್ಥಳವೇ ಹಿಗ್ಗುತ್ತ ಬಂದಿರುವುದರಿಂದ, ಇಂದು ಪ್ರತಿ ದಿಕ್ಕಿನಲ್ಲೂ ಸುಮಾರು 4,600 ಕೋಟಿ ಜ್ಯೋತಿರ್ವರ್ಷ ಹರಡಿದೆ. ಇದು ಗೋಡೆಯಲ್ಲ, ಮಂಗಳೂರಿನ ಕಡಲದಂಡೆಯಲ್ಲಿ ನಿಂತವನಿಗೆ ಕಾಣುವ ನೀರಿನ ಅಂಚಿನಂಥದು. ದೋಣಿ ಅಲ್ಲಿಗೆ ಹೋದರೆ ಅಂಚು ಇನ್ನೂ ಮುಂದೆ ಹೋಗಿರುತ್ತದೆ. ಆ ಹುಡುಗಿಯ ಎಲ್ಲೆಗಲ್ಲನ್ನು ಯಾರೂ ಕಂಡಿಲ್ಲ.

ಹಾಗಾದರೆ ಹೊರಟವನಿಗೆ ದಾರಿಯಲ್ಲಿ ಸಿಗುವುದೇನು? ಹೆಚ್ಚಾಗಿ ಏನೂ ಇಲ್ಲ, ಬಯಲು. 1977ರ ಸೆಪ್ಟೆಂಬರ್ 5ರಂದು ಹೊರಟ ವಾಯೇಜರ್-1 ಎಂಬ ನೌಕೆ 2012ರ ಆಗಸ್ಟಿನಲ್ಲಿ ಸೌರಮಾರುತದ ಸೀಮೆಯನ್ನು ದಾಟಿತು. ಮನುಷ್ಯ ಕಳಿಸಿದ ವಸ್ತುಗಳಲ್ಲಿ ಅತ್ಯಂತ ದೂರ ಹೋದದ್ದು ಅದೇ. ಅದರ ವೇಗದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹತ್ತು ಸೆಕೆಂಡು ಬೇಡ. ಆದರೂ ಒಂದು ನಕ್ಷತ್ರದ ಹತ್ತಿರ ಹಾಯಲು ಅದಕ್ಕೆ ಇನ್ನು ಸುಮಾರು 40,000 ವರ್ಷ ಬೇಕು. ‘ಹತ್ತಿರ’ ಎಂದರೂ ಒಂದೂವರೆ ಜ್ಯೋತಿರ್ವರ್ಷಕ್ಕೂ ಹೆಚ್ಚಿನ ಅಂತರ!

ಈ ನೌಕೆಯಲ್ಲಿ ಚಿನ್ನದ ಲೇಪ ಕೊಟ್ಟ ತಾಮ್ರದ ತಟ್ಟೆಯೊಂದಿದೆ. ಕಾರ್ಲ್ ಸೇಗನ್ ಮತ್ತು ಅವರ ಸಂಗಡಿಗರು ಸಿದ್ಧಪಡಿಸಿದ ಗ್ರಾಮಫೋನ್ ತಟ್ಟೆ ಅದು. ಅದರ ವಿವರ ಓದಿದಾಗ ಬೆರಗಾದೆ. ಇದು ತಾಮ್ರಶಾಸನವಲ್ಲದೆ ಮತ್ತೇನು? ಶಾಸನದಲ್ಲಿ ಬಂಡೆ, ಕೋಡಿ, ಮರಗಳಿಂದ ಹೊಲದ ಗುರುತು ಹೇಳುವಂತೆ, ಇದರ ಹೊದಿಕೆಯ ಮೇಲೆ ಪಲ್ಸಾರ್‌ಗಳೆಂಬ 14 ಮಿಡಿಯುವ ನಕ್ಷತ್ರಗಳಿಂದ ನಮ್ಮ ಸೂರ್ಯನ ಗುರುತನ್ನು ಕೊರೆದಿದ್ದಾರೆ. ಕಾಲವನ್ನು ತಿಳಿಯಲು ಶಕವರ್ಷದ ಬದಲು, ನಿಧಾನವಾಗಿ ಕ್ಷಯಿಸುವ ಯುರೇನಿಯಮ್ ಚೂರು. ಒಳಗೆ ಕೇಸರಬಾಯಿ ಕೇರಕರ ಅವರ ಭೈರವಿ ಇದೆ. 55 ಭಾಷೆಗಳ ನಮಸ್ಕಾರವಿದೆ. ಅವುಗಳಲ್ಲಿ ಒಂದು ಕನ್ನಡ. ಕನ್ನಡಿಗರ ಪರವಾಗಿ ಶುಭ ಹಾರೈಸುವ ಕೆಲವೇ ಮಾತುಗಳು, ಅಷ್ಟೆ.

ದಾನಶಾಸನದ ಎಲ್ಲ ಅಂಗಗಳೂ ಅದರಲ್ಲಿವೆ. ಪಡೆಯುವವನ ಹೆಸರು ಮಾತ್ರ ಇಲ್ಲ. ಕೇಳುವವರೇ ಇಲ್ಲದ ಬಯಲಿಗೆ ಮಾತನ್ನು ಕಳಿಸಿ ಫಲವೇನು ಎಂದು ಯಾರಾದರೂ ಕೇಳಿಯಾರು. ಸುಮಾರು 5ನೆಯ ಶತಮಾನದಲ್ಲಿ ಹಲ್ಮಿಡಿಯ ಕಲ್ಲನ್ನು ಕೊರೆದವನಿಗೂ, ಅದು 1936ರಲ್ಲಿ ಬೆಳಕಿಗೆ ಬರುವುದೆಂದಾಗಲಿ, ನಾವು ಅದನ್ನು ಅಕ್ಷರಕ್ಷರವಾಗಿ ಬಿಡಿಸಿ ಓದುವೆವೆಂದಾಗಲಿ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೆಂದು ಅವನು ಉಳಿಯನ್ನು ಕೆಳಗಿಡಲಿಲ್ಲ.

ನಾಳೆ ಆ ಹುಡುಗಿಯನ್ನು ಕರೆದು ಹೇಳಬೇಕು: ಎಲ್ಲೆಗಲ್ಲು ಸಿಗುವುದಿಲ್ಲಮ್ಮ, ಹುಡುಕಿದವರೆಲ್ಲ ಅದನ್ನು ಮುಂದಕ್ಕೆ ಸರಿಸಿದ್ದೇ ಇದರ ಚರಿತ್ರೆ, ಆದರೆ ಆ ದಾರಿಯಲ್ಲಿ ನಮ್ಮದೊಂದು ನಮಸ್ಕಾರ ಈಗಾಗಲೇ ಹೋಗುತ್ತಿದೆ. ಆಮೇಲೆ ಶಾಸನದ ಕೊನೆಯ ಸಾಲನ್ನು, ಆ ಚಂದ್ರಸೂರ್ಯರ ಮಾತನ್ನು, ಪಾಠ ಮಾಡಬೇಕು. ಅದು ಇನ್ನೂ ಬಾಕಿ ಇದೆ.