ಕಾಲರಾ ಕ್ರಿಮಿಯೂ ಅದರ ಪೊರೆಯೂ

ಸೈಂಧವಶಬ್ದಕ್ಕೆ ಭೋಜನಕಾಲದಲ್ಲಿ ಉಪ್ಪೆಂದೂ ಪ್ರಯಾಣಕಾಲದಲ್ಲಿ ಕುದುರೆಯೆಂದೂ ಅರ್ಥವಾಗುವುದನ್ನು ಶಾಸ್ತ್ರಪಾಠಕರೆಲ್ಲರೂ ಬಲ್ಲರು. ಪ್ರಕರಣವನ್ನು ಬಿಟ್ಟು ಶಬ್ದಾರ್ಥವನ್ನು ನಿಶ್ಚಯಿಸಲಾಗದು. ರೋಗಕಾರಕ ಜೀವಾಣುಗಳ ವಿಷಯದಲ್ಲಿಯೂ ಈ ನ್ಯಾಯವೇ ಸಲ್ಲುವುದೆಂಬುದನ್ನು ಕಾಲರಾ ಕ್ರಿಮಿಯ ಚರಿತ್ರೆಯಿಂದ ತಿಳಿಯಬಹುದು. ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆನು.

ನೀರು ನಿಂತ ತೊಟ್ಟಿಯ ಒಳಮೈಗೆ ಕೆಲವು ದಿನಗಳಲ್ಲಿ ಹತ್ತುವ ಲೋಳೆಯನ್ನು ಎಲ್ಲರೂ ಕಂಡಿರುವರು. ಅಸಂಖ್ಯ ಜೀವಾಣುಗಳು ತಾವೇ ಸ್ರವಿಸಿದ ಅಂಟಿನೊಳಗೆ ಒಟ್ಟಾಗಿ ವಾಸಿಸುವ ಇಂತಹ ಪೊರೆಗೆ ಈಗ ಬಯೋಫಿಲ್ಮ್ ಎಂದು ಹೆಸರು. ಹೆಸರು ಹೊಸದಾದರೂ ವಸ್ತುವು ಹೊಸದಲ್ಲ. ಹಾಲೆಂಡಿನ ಡೆಲ್ಫ್ಟ್ ನಗರದ ಲೇವನ್‌ಹುಕನು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಹಲ್ಲಿನ ಕಿಟ್ಟದಲ್ಲಿ ಕಂಡ ಜೀವಿಗಳನ್ನು ವರ್ಣಿಸಿರುವನು. ವಿನಿಗರಿನಿಂದ ಬಾಯಿಯನ್ನು ಮುಕ್ಕಳಿಸಿದರೂ ಕಿಟ್ಟದೊಳಗಿನವು ಸಾಯದಿರುವುದನ್ನು ಅವನು ಆಗಲೇ ಗಮನಿಸಿದ್ದನು.

1884ರಲ್ಲಿ ರಾಬರ್ಟ್ ಕಾಖನು ಕಲ್ಕತ್ತೆಯಲ್ಲಿ ಕಾಲರಾ ಕ್ರಿಮಿಯನ್ನು ಇತರ ಜೀವಾಣುಗಳಿಂದ ಬೇರ್ಪಡಿಸಿ ಶುದ್ಧವಾಗಿ ಬೆಳೆಸಿದನು. ಈ ವಿಧಾನದ ಉಪಕಾರವು ಅಪಾರವಾದುದು. ಆದರೆ ಸಮೃದ್ಧ ಆಹಾರದ್ರವದಲ್ಲಿ ಒಂಟಿಯಾಗಿ ಈಜುವ ರೂಪವೇ ಕ್ರಿಮಿಯ ಸಹಜಸ್ವರೂಪವೆಂಬ ಭಾವನೆಯೂ ಇದರೊಡನೆ ಬೇರೂರಿತು. ಇದಕ್ಕೆ ವಿರುದ್ಧವಾದ ಸಾಕ್ಷ್ಯಗಳು ಮೆಲ್ಲಮೆಲ್ಲನೆ ಒದಗಿದುವು. 1938ರಲ್ಲಿ ಬ್ರೂಸ್ ವೈಟನು ಕಾಲರಾ ಕ್ರಿಮಿಯ ಸುಕ್ಕುಗಟ್ಟಿದ ಒಂದು ಪ್ರಭೇದವನ್ನು ವರ್ಣಿಸಿದನು. ಅಂಟಿನಿಂದ ಆವೃತವಾದ ಈ ಪ್ರಭೇದವು ಕ್ಲೋರಿನ್ನನ್ನೂ ತಡೆದುಕೊಳ್ಳಬಲ್ಲದೆಂದು 1990ರ ದಶಕದಲ್ಲಿ ಸಿದ್ಧವಾಯಿತು. 1943ರಲ್ಲಿ ಜೋಬೆಲನು ಸಮುದ್ರದ ನೀರನ್ನು ಪರೀಕ್ಷಿಸಿ, ಆಹಾರವು ವಿರಳವಾದಲ್ಲಿಯೇ ಗಟ್ಟಿ ಮೈಯ ಆಶ್ರಯವು ಜೀವಾಣುಗಳಿಗೆ ಹೆಚ್ಚು ಪ್ರಯೋಜನಕರವೆಂದು ಪ್ರತಿಪಾದಿಸಿದನು.

ಅನಂತರದ ಶೋಧನೆಗಳಿಂದ ಪರಿಸರದ ಪ್ರಭಾವವು ವಿಶದವಾಗಿದೆ. ಉಷ್ಣವು ತಗ್ಗಿದರೆ ಕಾಲರಾ ಕ್ರಿಮಿಯ ಪೊರೆಯು ಹೆಚ್ಚುವುದೆಂದು 2015ರಲ್ಲಿ ತಿಳಿದುಬಂದಿತು. ನೀರಿನ ಲವಣಗಳೂ ಪೊರೆಯನ್ನು ಮಾರ್ಪಡಿಸುವುವು. ಸಂಖ್ಯೆಯ ವಿಷಯವಂತೂ ವಿಚಿತ್ರವಾದುದು: ತಮ್ಮ ಬಳಗವು ದಟ್ಟವಾಯಿತೆಂಬ ರಾಸಾಯನಿಕ ಸಂಜ್ಞೆ ದೊರೆತೊಡನೆ ಈ ಕ್ರಿಮಿಗಳು ಪೊರೆ ಕಟ್ಟುವುದನ್ನು ತಗ್ಗಿಸುವುವೆಂದು 2003ರಲ್ಲಿ ಪ್ರಕಟವಾಯಿತು.

ಇದು ಕೇವಲ ವಾದಕ್ಕೆ ಸೇರಿದ ವಿಷಯವಲ್ಲ. ನದಿ, ಕೊಳಗಳಲ್ಲಿ ಈ ಕ್ರಿಮಿಯು ಸೂಕ್ಷ್ಮ ಜಲಜಂತುಗಳ ಚಿಪ್ಪಿನ ಮೈಗೆ ಹತ್ತಿಕೊಂಡಿರುವುದು. ಬಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರನ್ನು ಶೋಧಿಸಿದ ಹಳ್ಳಿಗಳಲ್ಲಿ ಕಾಲರಾ 48 ಪಾಲು ಶತಾಂಶದಷ್ಟು ಇಳಿಯಿತೆಂದು ರೀಟಾ ಕಾಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ತಿಳಿಸಿರುವರು. ಬಿಡಿ ಕ್ರಿಮಿಯನ್ನು ಬಟ್ಟೆಯು ತಡೆಯಲಾರದು. ಅದರ ಆಶ್ರಯವನ್ನು ತಡೆಯಬಲ್ಲದು.

ಬಟ್ಟೆಯಲ್ಲಿ ಶೋಧಿಸಿದ ನೀರನ್ನೇ ಯತಿಯು ಕುಡಿಯಬೇಕೆಂಬ ವಿಧಿಯು ಮನುಸ್ಮೃತಿಯಲ್ಲಿರುವುದು ನಿಜ. ಆದರೆ ಅಲ್ಲಿಯ ಉದ್ದೇಶವು ಪ್ರಾಣಿಹಿಂಸಾಪರಿಹಾರವೇ ಹೊರತು ರೋಗನಿವಾರಣೆಯಲ್ಲ. ಕಾಲರಾ ಕ್ರಿಮಿಯನ್ನು ಸ್ಮೃತಿಕಾರರು ಬಲ್ಲರೆಂದು ಸಾಧಿಸಹೊರಡುವುದೂ ಪ್ರಕರಣವನ್ನು ಬಿಟ್ಟು ಅರ್ಥಮಾಡಿದಂತೆಯೇ ಸರಿ. ಕ್ರಿಮಿಯನ್ನಾಗಲಿ ವಾಕ್ಯವನ್ನಾಗಲಿ ಅದು ಹುಟ್ಟಿ ಬೆಳೆದ ಸ್ಥಾನದಲ್ಲಿಯೇ ಇಟ್ಟು ಪರೀಕ್ಷಿಸುವುದು ವಿಮರ್ಶಕರ ಕರ್ತವ್ಯವಾಗಿರುತ್ತದೆ.